ಉಸುಕಲಿಂಗನ ಪಾವಟಿಗೆ

ಶ್ರಾವಣದ ಮೊದಲ ಸೋಮವಾರ ರಾಚವ್ವನ ಮೊಣಕಾಲು ಬಾತುಕೊಂಡು, ಗೋಡೆ ಹಿಡಿದರೂ ಏಳಲಾಗದಂತಾಗಿತ್ತು. ಉಸುಕಲಿಂಗೇಶ್ವರನ ಶ್ರಾವಣದ ಅಭಿಷೇಕಕ್ಕೆ ಹೊಳೆಯ ನೀರನ್ನು ಪೂಜಾರಿಯ ಮನೆಯ ಹೆಣ್ಣುಮಗಳೇ ತರಬೇಕು. ಹೊಳೆಗಿಳಿಯುವ ಕಲ್ಲಿನ ಪಾವಟಿಗೆಯ ಮೇಲೆ ನಿಂತು ಮೊಗೆದ ನೀರು ನಡೆಯುವುದಿಲ್ಲ, ಸೊಂಟಮಟ ಇಳಿದು ತುಂಬಿಕೊಂಡು ಬರಬೇಕು. ಮದುವೆಯಾಗಿ ಈ ಮನೆಗೆ ಕಾಲಿಟ್ಟಾಗಿನಿಂದ ರಾಚವ್ವನೇ ತಂದವಳು. ಆ ದಿನ ಮಗಳು ಶೈಲಜಾ ಕೊಡ ಎತ್ತಿಕೊಂಡಳು. ನೇಸರಗಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹುಡುಗಿ, ರಜೆ ಹಾಕಿ ಊರಿಗೆ ಬಂದಿದ್ದಳು. ದೊಡ್ಡ ಕಲ್ಲಿನ ಎಡಕ್ಕೆ ಇಳಿ, ಅಲ್ಲಿ ನೆಲ ಗಟ್ಟಿ ಇದೆ ಎಂದು ರಾಚವ್ವ ಹೇಳಿ ಕಳಿಸಿದಳು.

ಮಲಪ್ರಭೆಯ ಆ ದಂಡೆಯನ್ನು ರಾಚವ್ವ ಕಣ್ಣು ಮುಚ್ಚಿಕೊಂಡು ಇಳಿಯಬಲ್ಲವಳಾಗಿದ್ದಳು. ಆದರೆ ಹೋದ ವರ್ಷದ ಶ್ರಾವಣದ ನಂತರ ಅವಳು ನೀರಿಗೆ ಇಳಿದಿರಲಿಲ್ಲ. ಬೇಸಿಗೆಯಲ್ಲಿ ಗುಡಿಯ ಯಾತ್ರಿನಿವಾಸ ಕಟ್ಟಲೆಂದು ಕಮಿಟಿಯವರು ಅಲ್ಲಿ ಉಸುಕು ತೆಗೆಸಿದ್ದರು. ಯಾತ್ರಿನಿವಾಸದ ಸ್ಲ್ಯಾಬು ಹಾಕಿ ಮುಗಿದ ಮೇಲೂ ಟಿಪ್ಪರುಗಳು ಬರುವುದು ನಿಲ್ಲಲಿಲ್ಲ. ದೊಡ್ಡ ಕಲ್ಲಿನ ಎಡಗಡೆಯ ನೆಲವೇ ಹೋಗಿತ್ತು. ಅದರ ಮೇಲೆ ನವಿಲುತೀರ್ಥದ ಡ್ಯಾಮಿನಿಂದ ಬಿಟ್ಟ ಕೆಂಪು ನೀರು ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು.

ಶೈಲಜಾ ಮುಳುಗಿದ್ದನ್ನು ಪಾವಟಿಗೆಯ ಮೇಲಿದ್ದ ಹೆಂಗಸರು ನೋಡಿದರು. ಮಡಿಯ ಮುಳುಗು ಹಾಕಿದಳೆಂದುಕೊಂಡು ಸುಮ್ಮನಿದ್ದರು. ಕೊಡವೊಂದೇ ಮೇಲೆ ಬಂದು ತೇಲಿಹೋದಾಗ ಕೂಗು ಎದ್ದಿತು. ಈಜು ಬಲ್ಲವರು ನಾಲ್ಕಾರು ಮಂದಿ ಹಾರಿದರು. ಸೆಳವಿಗೆ ಹೆದರಿ ಒಬ್ಬೊಬ್ಬರೇ ಮೇಲೆ ಬಂದರು. ಮಧ್ಯಾಹ್ನದ ಹೊತ್ತಿಗೆ ಕಮಿಟಿಯ ಅಧ್ಯಕ್ಷ ಅಂದಾನೆಪ್ಪ ಬಂದು, ಇನ್ನು ಯಾರೂ ಇಳಿಯಬಾರದೆಂದ. ಪೊಲೀಸ್ ಸ್ಟೇಶನ್ನಿಗೆ ತಿಳಿಸಿದ್ದೇನೆ, ನೀರು ಇಳಿಯುವ ತನಕ ಬೋಟು ಬರುವುದಿಲ್ಲವಂತೆ ಎಂದ. ಆಮೇಲೆ ರಾಚವ್ವನ ಗಂಡ, ಪೂಜಾರಿ ಮಡಿವಾಳೆಪ್ಪನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ:

"ಊರಿಗೆಲ್ಲಾ ಧೈರ್ಯಾ ಹೇಳೂ ಮನುಷ್ಯಾ ನೀ. ಹೊಳಿ ಯಾರನ್ನೂ ಇಟಗೊಳ್ಳೂದಿಲ್ಲ ಅಂತ ನಿನಗ ನಾ ಹೇಳಬೇಕೇನು? ಸೋಮವಾರದೊಳಗ ಬರತಾಳ."

ಆ ಮಾತು ಆ ಗುಡಿಯ ಬುನಾದಿಯೇ ಆಗಿತ್ತು. ಹಿಂದೆ ಯಾವುದೋ ಕಾಲದಲ್ಲಿ ಒಬ್ಬ ವಿಧವೆಯ ಒಬ್ಬನೇ ಮಗನನ್ನು ಹೊಳೆ ಎತ್ತುಗಳ ಸಮೇತ ಸೆಳೆದೊಯ್ದಿತಂತೆ. ತಾಯಿ ದಂಡೆಯಲ್ಲಿ ಕುಳಿತು ಹಸಿ ಉಸುಕಿನ ಲಿಂಗ ಮಾಡಿ, ಬೊಗಸೆಯಿಂದ ನೀರು ಹೊಯ್ಯುತ್ತ, ಮಗ ಬರುವವರೆಗೂ ಏಳುವುದಿಲ್ಲ ಎಂದಳಂತೆ. ಎಷ್ಟು ನೀರು ಹೊಯ್ದರೂ ಲಿಂಗ ಕರಗಲಿಲ್ಲ. ಸೋಮವಾರ ಬೆಳಗಾಗುವಾಗ ಹೊಳೆಯೇ ಬಾಗಿ ಬಂದು ಮಗನನ್ನು ಅವಳ ಉಡಿಗೆ ಹಾಕಿತು. ಅಂದಿನಿಂದ ಮಲಪ್ರಭೆ ಯಾರನ್ನೇ ಒಯ್ದರೂ ಬರುವ ಸೋಮವಾರದೊಳಗೆ ಈ ಪಾವಟಿಗೆಗೆ ತಂದು ಬಿಡುತ್ತಾಳೆ ಎನ್ನುವುದು ನಂಬಿಕೆ. ಮನೆ ಬಿಟ್ಟುಹೋದ ಗಂಡನಿಗಾಗಿ, ಕಾಣೆಯಾದ ಮಕ್ಕಳಿಗಾಗಿ ರಾಮದುರ್ಗದಿಂದ, ಬೈಲಹೊಂಗಲದಿಂದ ಜನ ಬಂದು ಇಲ್ಲಿ ಹರಕೆ ಹೊರುತ್ತಿದ್ದರು. ಆ ತಾಯಿಯ ಮಗ ಬದುಕಿ ಬಂದನೋ ಹೆಣವಾಗಿ ಬಂದನೋ ಎಂಬುದನ್ನು ಮಡಿವಾಳೆಪ್ಪ ಎದುರಿಗೆ ಕುಳಿತವರ ಮುಖ ನೋಡಿ ಹೇಳುತ್ತಿದ್ದ.

ಈಗ ಅವನೇ ಪಾವಟಿಗೆಯ ಮೇಲೆ ಕುಳಿತ. ಊಟ ಬಿಟ್ಟ. ರಾಚವ್ವನನ್ನೂ ಎತ್ತಿ ತಂದು ಪಕ್ಕದಲ್ಲಿ ಕೂಡಿಸಿದರು. ಬಂದವರೆಲ್ಲ ಕೈಮುಗಿದು, ಉಸುಕಲಿಂಗನ ಮನೆಯ ಮಗಳು, ಬಂದೇ ಬರುತ್ತಾಳೆ ಎಂದು ಹೇಳಿ ಹೋದರು. ಹೊಳೆಯಲ್ಲಿ ಹುಡುಕಿಸೋಣವೆಂದು ರಾಚವ್ವ ಒಮ್ಮೆ ಅಂದಾಗ, ದೇವರ ಮೇಲೆ ನಂಬಿಕೆ ಇಲ್ಲವೆಂದಾಗುತ್ತದೆ ಎಂದು ಗಂಡ ತಲೆ ಅಲ್ಲಾಡಿಸಿದ. ಅವಳು ಒಂದೇ ಮಾತನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: ಎಡಕ್ಕೆ ಇಳಿ ಎಂದವಳು ನಾನು.

ಬುಧವಾರ ಮುಂಜಾನೆ ಬಾವು ತುಸು ಇಳಿಯುತ್ತಲೇ ಅವಳು ಯಾರಿಗೂ ಹೇಳದೆ, ಕೋಲು ಊರಿಕೊಂಡು ಊರ ಕೆಳಗಿನ ಕೇರಿಗೆ ಹೋದಳು. ಅಲ್ಲಿ ಸಾವಂತ್ರೆವ್ವನ ಮನೆಯಿತ್ತು. ಬಹಳ ವರ್ಷಗಳ ಹಿಂದೆ ಸಾವಂತ್ರೆವ್ವನ ಗಂಡ ಶಂಕ್ರೆಪ್ಪ ಪ್ರವಾಹದಲ್ಲಿ ಹೋದಾಗ ಕೇರಿಯವರು ಪಾವಟಿಗೆ ತುಳಿಯುವಂತಿಲ್ಲವೆಂದು ಅವಳನ್ನು ಕಟ್ಟಕಡೆಯ ಪಾವಟಿಗೆಯ ಕೆಳಗೆ, ಕೆಸರಿನಲ್ಲಿ ಕೂಡಿಸಿದ್ದರು. ಮೇಲಿನಿಂದ ರೊಟ್ಟಿ ಹಾಕಿದವಳು ರಾಚವ್ವನೇ. ಶಂಕ್ರೆಪ್ಪನ ಹೆಣ ಸೋಮವಾರ ಬೆಳಗಾಗುವಾಗ ಪಾವಟಿಗೆಯ ಮೇಲೆ ಸಿಕ್ಕಿತ್ತು. ಕಾಯಿ ಒಡೆದು, ಊರನ್ನೆಲ್ಲ ಕರೆದು ತೋರಿಸಿದವಳೂ ರಾಚವ್ವನೇ. ಅದೊಂದೇ ಅವಳಿಗೆ ಕಣ್ಣಾರೆ ಗೊತ್ತಿದ್ದ ಪವಾಡ. ಅದನ್ನು ಕಂಡವಳ ಬಾಯಿಂದಲೇ ಇನ್ನೊಮ್ಮೆ ಕೇಳಿ ಧೈರ್ಯ ತಂದುಕೊಳ್ಳಬೇಕೆಂದು ಹೋಗಿದ್ದಳು.

ಸಾವಂತ್ರೆವ್ವ ಅವಳನ್ನು ಒಳಗೆ ಕರೆದು ಕಂಬಳಿ ಹಾಸಿದಳು. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅದರ ಕೆಳಗೆ ಮಗ ಕಾಂತೇಶ ಪಂಪಿನ ಮೋಟಾರೊಂದನ್ನು ಬಿಚ್ಚಿ ಕುಳಿತಿದ್ದ. ಮನೋಳಿಯಲ್ಲಿ ಅವನದು ಪಂಪು ರಿಪೇರಿಯ ಅಂಗಡಿ. ಆ ಸೋಮವಾರದ ಮಾತನ್ನು ಇನ್ನೊಮ್ಮೆ ಹೇಳೆಂದು ರಾಚವ್ವ ಕೇಳಿದಳು. ಸಾವಂತ್ರೆವ್ವ ಸೆರಗು ಸರಿಮಾಡಿಕೊಂಡು ಹೇಳಿದಳು:

"ಯವ್ವಾರ, ನಿಮ್ಮ ಮಗಳು ನೀರಾಗ ಅದಾಳ. ಈಗ ಸುಳ್ಳು ಹೇಳೂದಿಲ್ಲ. ನನ್ನ ಗಂಡನ್ನ ಹೊಳಿ ತಂದು ಕೊಡಲಿಲ್ರಿ. ನನ್ನ ಮೈದುನ ಮುಣಗಿ ತಗದ. ನಮ್ಮ ಮಂದಿ ನಸಿಕಿನ್ಯಾಗ ಹೊತಗೊಂಡು ಬಂದು ನಿಮ್ಮ ಪಾವಟಿಗಿ ಮ್ಯಾಲ ಮಲಗಿಸಿದ್ರು."

ರಾಚವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. ಸಾವಂತ್ರೆವ್ವ ನಿಧಾನವಾಗಿ ಬಿಡಿಸಿ ಹೇಳಿದಳು. ತನ್ನ ಮಾವನ ಕಾಲದಿಂದಲೂ ಹೀಗೇ ನಡೆದುಬಂದಿದೆ. ಬೇರೆ ಎಲ್ಲಾದರೂ ಹೆಣ ತೆಗೆದರೆ, ನೀವು ಯಾಕೆ ಮುಟ್ಟಿದಿರಿ ಎಂದು ಕೇರಿಯವರನ್ನೇ ಹಿಡಿದು ಕೇಳುತ್ತಿದ್ದರು. ಪಾವಟಿಗೆಯ ಮೇಲೆ ಸಿಕ್ಕ ಹೆಣ ದೇವರದು. ಯಾರೂ ಏನೂ ಕೇಳುವುದಿಲ್ಲ, ಊರೇ ಮುಂದೆ ನಿಂತು ಮಣ್ಣು ಮಾಡುತ್ತದೆ. ಪಾವಟಿಗೆ ತುಳಿದದ್ದು ಗೊತ್ತಾದರೆ ಅದಕ್ಕೂ ದಂಡ ಬೀಳುತ್ತದೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು. ಈಗಿನ ಹುಡುಗರು ಆ ಕೆಲಸ ಬಿಟ್ಟಿದ್ದಾರೆ.

ರಾಚವ್ವ ಕಂಬಳಿಯ ಮೇಲೆ ಕೈಯೂರಿ ಕುಳಿತೇ ಇದ್ದಳು. ದೇವರು ಕೊಟ್ಟ ಎಂದು ತಾನು ಕಾಯಿ ಒಡೆದಾಗ ಈ ಹೆಂಗಸು ಪಾವಟಿಗೆಯ ಕೆಳಗೆ, ಕೆಸರಿನಲ್ಲೇ ತಲೆ ತಗ್ಗಿಸಿ ನಿಂತಿದ್ದಳು. ಕಡೆಗೆ ರಾಚವ್ವ ಕಾಂತೇಶನ ಕಡೆ ತಿರುಗಿದಳು. ಅವಳು ಕೇಳುವ ಮೊದಲೇ ಅವನು ಕೈ ಒರೆಸಿಕೊಂಡು ಎದ್ದ.

"ಬರತೇನ್ರಿ ಅವ್ವಾರ. ಆದರ ಹಾಡಹಗಲ ಇಳೀತೇನಿ, ಎಲ್ಲಾರ ಮುಂದ. ತಂದು ಮಲಗಿಸಿ ಕಳ್ಳರಂಗ ಹೋಗೂ ಕೆಲಸಾ ನನ್ನಿಂದ ಆಗೂದಿಲ್ಲ."

"ಎಲ್ಲಾರೂ ನೋಡಲಿ" ಎಂದಳು ರಾಚವ್ವ.

ಕಾಂತೇಶ ಮೊದಲು ಪೊಲೀಸರಿಗೆ ಫೋನು ಮಾಡಿದ. ಯಾರೂ ನಮಗೆ ತಿಳಿಸಿಯೇ ಇಲ್ಲ ಎಂದು ಅಲ್ಲಿಂದ ಉತ್ತರ ಬಂತು. ಅದನ್ನು ಕೇಳಿದಾಗ ರಾಚವ್ವನಿಗೆ ಅಂದಾನೆಪ್ಪ ಯಾಕೆ ಯಾರನ್ನೂ ಇಳಿಯಗೊಡಲಿಲ್ಲ ಎನ್ನುವುದು ತಿಳಿಯಿತು. ಹೊಳೆಯಲ್ಲಿ ಹುಡುಕಿದರೆ ಉಸುಕು ತೆಗೆದ ಕುಣಿಗಳು ಸಿಗುತ್ತಿದ್ದವು.

ಟ್ರ್ಯಾಕ್ಟರಿನ ಟ್ಯೂಬು, ಹಗ್ಗ, ನೀರೊಳಗೆ ಹುಡುಕುವ ಕೊಕ್ಕೆಗಳ ಪಾತಾಳಗರಡಿ ಹೊತ್ತು ಕೇರಿಯ ಐದಾರು ಜನ ಪಾವಟಿಗೆಗೆ ಬಂದರು. ಶ್ರಾವಣದಲ್ಲಿ ಮೈಲಿಗೆಯಾಗುತ್ತದೆಂದು ಅಂದಾನೆಪ್ಪ ಅಡ್ಡ ನಿಂತ. ಮಡಿವಾಳೆಪ್ಪ ಇತ್ತ ಹೆಂಡತಿಯನ್ನೂ ಅತ್ತ ಅಧ್ಯಕ್ಷನನ್ನೂ ನೋಡುತ್ತ ಕಲ್ಲಾಗಿ ಕುಳಿತಿದ್ದ. ರಾಚವ್ವ ಒಂದೊಂದೇ ಪಾವಟಿಗೆ ಕುಂಡಿಯೂರಿ ಇಳಿದು, ನೀರಿನಲ್ಲಿ ಕಾಲು ಬಿಟ್ಟು ಕುಳಿತು, ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡಳು. ಆಮೇಲೆ ಅವರನ್ನು ತಡೆಯಲು ಯಾರೂ ಮುಂದೆ ಬರಲಿಲ್ಲ.

ಹಗ್ಗ ಹಿಡಿದು ಮುಳುಗಿದ ಕಾಂತೇಶ ಬಹಳ ದೂರ ಹುಡುಕಬೇಕಾಗಲಿಲ್ಲ. ದೊಡ್ಡ ಕಲ್ಲಿನ ಎಡಕ್ಕೆ ಬಾವಿಯಷ್ಟು ಆಳದ ಕುಣಿಯಿತ್ತು. ಅದರ ಒಂದು ಬದಿ ಕುಸಿದು ಶೈಲಜಾಳ ಸೀರೆಯ ಮೇಲೆ ಬಿದ್ದಿತ್ತು. ಇಷ್ಟು ದಿನ ತಂದೆತಾಯಿ ಕುಳಿತು ಹಾದಿ ಕಾಯುತ್ತಿದ್ದ ಜಾಗಕ್ಕೂ ಅವಳಿಗೂ ನಡುವೆ ಒಂದು ಅಂಗಳದಷ್ಟೂ ದೂರವಿರಲಿಲ್ಲ. ಕಾಂತೇಶ ಮೇಲೆ ಬಂದು ಕೈಯೆತ್ತಿದ. ರಾಚವ್ವನ ಕೈಯಲ್ಲಿದ್ದ ಹಗ್ಗ ಭಾರವಾಯಿತು.

ಅಂದಾನೆಪ್ಪ ಮಡಿವಾಳೆಪ್ಪನ ಕಿವಿಯಲ್ಲಿ ಏನೋ ಹೇಳಿದ. ಮಡಿವಾಳೆಪ್ಪ ಎದ್ದುಬಂದು, ಮಗಳನ್ನು ಪಾವಟಿಗೆಯ ಮೇಲೆ ಮಲಗಿಸಿ ಒಂದು ಆರತಿ ಎತ್ತೋಣವೇ ಎಂದು ಹೆಂಡತಿಯನ್ನು ಕೇಳಿದ.

"ಬ್ಯಾಡ. ಆಕಿ ಆ ಕುಣಿ ಮುಂದಿನ ದಂಡಿ ಮ್ಯಾಲ ಇರಲಿ. ಎಲ್ಲಿ ಸಿಕ್ಕಳು ಅನ್ನೂದನ್ನ ಪೊಲೀಸರು ನೋಡಲಿ."

ಪೊಲೀಸರು ನೋಡಿದರು, ಬರೆದುಕೊಂಡರು. ಕಾಂತೇಶ, ರಾಚವ್ವ ಇಬ್ಬರೂ ಹೇಳಿಕೆ ಕೊಟ್ಟರು. ಸಂಜೆಯೊಳಗೆ ಶೈಲಜಾಳನ್ನು ಹೊಲದಲ್ಲಿ ಮಣ್ಣು ಮಾಡಿದರು. ಟಿಪ್ಪರುಗಳು ಶ್ರಾವಣ ಮುಗಿಯುವ ತನಕ ಕಾಣಿಸಲಿಲ್ಲ. ದೀಪಾವಳಿಯ ಹೊತ್ತಿಗೆ ಹೊಳೆಯ ಮೇಲಿನ ತಿರುವಿನಲ್ಲಿ ಅವುಗಳ ಸದ್ದು ಮತ್ತೆ ಕೇಳತೊಡಗಿತು.

ಮಗಳು ಹೋದ ಮುಂದಿನ ಸೋಮವಾರ ಹಿಂದೆಂದೂ ಇಲ್ಲದಷ್ಟು ಜನ ಬಂದರು. ಪೂಜಾರಿಯ ಮಗಳನ್ನೇ ಹೊಳೆ ತಿರುಗಿ ಕೊಟ್ಟಿತೆಂದು ಸುತ್ತಲಿನ ಹಳ್ಳಿಗಳಲ್ಲೆಲ್ಲ ಸುದ್ದಿಯಾಗಿತ್ತು. ಮಡಿವಾಳೆಪ್ಪ ಮೈಕಿನ ಮುಂದೆ ನಿಂತು ಸ್ಥಳಪುರಾಣ ಹೇಳಿದ. ಕೊನೆಗೆ ತನ್ನ ಮಗಳನ್ನೂ ಸೇರಿಸಿದ. ವಾರ ತುಂಬುವ ಮೊದಲೇ ಹೊಳೆತಾಯಿ ಅವಳನ್ನು ತಂದು ಪಾವಟಿಗೆಯ ಮೇಲೆ ಮಲಗಿಸಿದಳು ಎಂದ. ಮನೆಯಲ್ಲಿದ್ದ ರಾಚವ್ವನಿಗೆ ಒಂದೊಂದು ಅಕ್ಷರವೂ ಕೇಳಿಸಿತು.

ಅವನು ಊಟಕ್ಕೆ ಬಂದಾಗ ಅವಳು ತಾಟು ಇಡಲಿಲ್ಲ. ಹಾಗೆ ಯಾಕೆ ಹೇಳಿದಿರಿ ಎಂದು ಕೇಳಿದಳು. ಅವನು ಗೋಡೆಗೆ ಒರಗಿ ಕುಳಿತ.

"ಹಂಗ ಅಂದ್ಕೊಂಡರ ನನಗ ನಿದ್ದಿ ಬರತೈತಿ, ರಾಚವ್ವ."

"ನನಗ ಬರೂದಿಲ್ಲ" ಎಂದಳು ಅವಳು. "ಮೂರು ದಿನಾ ನಾವು ಆಕೀ ಮ್ಯಾಲ ಕುಂತಿದ್ದಿವಿ."

ಅವನು ಅತ್ತ. ಮಗಳು ಹೋದಂದಿನಿಂದ ಅವನು ಅತ್ತದ್ದು ಅದೇ ಮೊದಲು. ಮುಂದಿನ ಸೋಮವಾರ ಪೂಜೆ ಮಾಡಿದ, ಆದರೆ ಮೈಕು ಮುಟ್ಟಲಿಲ್ಲ. ಕಮಿಟಿಯವರು ಬಂದು ಕೇಳಿದಾಗ, ಬೇರೆ ಪೂಜಾರಿಯನ್ನು ನೋಡಿಕೊಳ್ಳಿ ಎಂದು ಗುಡಿಯ ಕೀಲಿಕೈ ಕೊಟ್ಟುಬಿಟ್ಟ. ಅವರು ಬೇರೊಬ್ಬನನ್ನು ತಂದರು. ಹೊಸಬನಿಗೆ ಪುರಾಣ ಹೇಳಲು ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಮಗಳನ್ನು ಸೇರಿಸಿ ಮಡಿವಾಳೆಪ್ಪ ಮೈಕಿನಲ್ಲಿ ಹೇಳಿದ್ದನ್ನು ಅಂದಾನೆಪ್ಪ ಅಂದೇ ಫೋನಿನಲ್ಲಿ ರೆಕಾರ್ಡು ಮಾಡಿಸಿಟ್ಟಿದ್ದ.

ಈಗಲೂ ಪ್ರತಿ ಸೋಮವಾರ ಮುಂಜಾನೆ ಗುಡಿಯ ಸ್ಪೀಕರಿನಲ್ಲಿ ಅದು ಶುರುವಾಗುತ್ತದೆ. ಮಡಿವಾಳೆಪ್ಪ ಅದನ್ನು ನಿಲ್ಲಿಸಿರೆಂದು ಎರಡು ಸಲ ಹೋಗಿ ಕೇಳಿಕೊಂಡ. ಭಕ್ತರಿಗೆ ಬೇಕಾಗಿದೆ ಎಂದರು. ಆ ಹೊತ್ತಿಗೆ ಅವನು ಎದ್ದು ಹೊಲದ ಕಡೆ ಹೋಗಿಬಿಡುತ್ತಾನೆ. ರಾಚವ್ವ ಮೊಣಕಾಲು ಚಾಚಿಕೊಂಡು, ಮೊರದಲ್ಲಿ ಜೋಳ ಹಾಕಿಕೊಂಡು, ಕಲ್ಲು ಆರಿಸುತ್ತ ಕೂರುತ್ತಾಳೆ. ಗಂಡನ ದನಿ ಮಗಳ ಹೆಸರಿಗೆ ಬಂದಾಗ ಅವಳ ಬೆರಳು ನಿಲ್ಲುತ್ತದೆ. ಆಮೇಲೆ ಮಂಗಳಾರತಿಯ ಗಂಟೆ ಮೊಳಗುತ್ತದೆ, ಜನ ಹೊಳೆಗೆ ಇಳಿಯುತ್ತಾರೆ.