ಉಂಡೆಯ ಮೂತ್ರ ತಿಳಿಯಾಗಿತ್ತು

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಹಾಸಿಗೆಯವನು ಹೊಸಿಲಲ್ಲೇ ನಿಂತುಬಿಟ್ಟ. ಹಿಂದಿನ ಸಂಜೆಯಷ್ಟೇ ತಾನೇ ಹೊಲಿದು ಮುಗಿಸಿದ್ದ ಹತ್ತಿಯ ಹಾಸಿಗೆಯ ನಟ್ಟನಡುವೆ ದೊಡ್ಡ ಒದ್ದೆ ಕಲೆ. ಮೂಲೆಯಲ್ಲಿ ಉಂಡೆ ಬಾಲ ಮುದುಡಿಕೊಂಡು, ತಲೆ ಎತ್ತದೆ ಮಲಗಿತ್ತು.

ಉಂಡೆ ಅಂದರೆ ಅವರ ಮನೆಯ ಹೆಣ್ಣು ನಾಯಿ. ಮರಿಯಾಗಿದ್ದಾಗ ಹಿಂಜಿದ ಹತ್ತಿಯ ರಾಶಿಯಲ್ಲಿ ಮಲಗಿದರೆ ಯಾವುದು ಹತ್ತಿ, ಯಾವುದು ನಾಯಿ ಎಂದೇ ತಿಳಿಯುತ್ತಿರಲಿಲ್ಲ. ಈಗ ಅದಕ್ಕೆ ವಯಸ್ಸಾಗಿದೆ. ಇಷ್ಟು ವರ್ಷ ಅಂಗಡಿ ಕಾದ ನಾಯಿ ಒಳಗೆ ಒಂದು ಹನಿ ಮೂತ್ರ ಮಾಡಿದ್ದಿಲ್ಲ. ಈಚೆಗೆ ಮಾತ್ರ ಒಂದರ ಮೇಲೊಂದು ಹಾಸಿಗೆ ಹಾಳಾಗುತ್ತಿತ್ತು. ಹಾಸಿಗೆಯವನ ಪಿತ್ತ ನೆತ್ತಿಗೇರಿತು.

"ಇದಕ್ಕೆ ಕೊಬ್ಬು ಜಾಸ್ತಿ ಆಗಿದೆ" ಎಂದು ಹೆಂಡತಿಯ ಮುಂದೆ ಕೂಗಾಡಿದ. "ದಿನವಿಡೀ ಬೋಗುಣಿಗಟ್ಟಲೆ ನೀರು ಕುಡಿಯುತ್ತೆ, ರಾತ್ರಿ ತಂದು ನನ್ನ ಹಾಸಿಗೆ ಮೇಲೆ ಸುರಿಯುತ್ತೆ. ಇವತ್ತಿಂದ ಸಂಜೆ ಆದ್ಮೇಲೆ ನೀರು ಬಂದ್."

"ಪಾಪ, ಮೂಕಪ್ರಾಣಿ ಕಣ್ರೀ."

"ಮೂಕಪ್ರಾಣಿಗೆ ನಿನ್ನ ಹಾಸಿಗೆ ಬಿಟ್ಟುಕೊಡು. ನನ್ನದು ಮಾರಾಟಕ್ಕಿರೋದು."

ಅವನು ನೀರಿನ ಬೋಗುಣಿ ಎತ್ತಿ ಅಟ್ಟದ ಮೇಲಿಟ್ಟ.

ಕೆಲವು ದಿನ ಕಳೆದು ಒಂದು ಸಂಜೆ ಅವನ ನಾದಿನಿ ಬಂದಳು. ಪ್ರಾಣಿಗಳ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಕೈಕಾಲು ತೊಳೆಯಲೆಂದು ಬಚ್ಚಲಿಗೆ ಹೋದವಳು ಅಲ್ಲಿಂದಲೇ ಕರೆದಳು.

"ಭಾವ, ಸ್ವಲ್ಪ ಇಲ್ಲಿ ಬನ್ನಿ."

ಹಾಸಿಗೆಯವನು ಹೋಗಿ ನೋಡಿದ. ಉಂಡೆ ಬಚ್ಚಲ ತೂಬಿಗೆ ಮೂತಿ ಒತ್ತಿ, ಅಲ್ಲಿ ನಿಂತಿದ್ದ ಸೋಪಿನ ನೀರನ್ನು ನೆಕ್ಕುತ್ತಿತ್ತು. ಇವರು ಬಂದದ್ದೂ ಅದಕ್ಕೆ ಗೊತ್ತಾಗಲಿಲ್ಲ. ಸೊಂಟದ ಮೂಳೆ ಎದ್ದು ಕಾಣುತ್ತಿತ್ತು. ದಿನಾ ಕಾಲಿಗೆ ಸುತ್ತಿಕೊಳ್ಳುವ ನಾಯಿ ಇಷ್ಟು ಸೊರಗಿದ್ದನ್ನು ಅವನು ನೋಡಿಯೇ ಇರಲಿಲ್ಲ.

"ಇದಕ್ಕೆ ನೀರು ಕೊಡ್ತಿಲ್ವಾ?" ಎಂದಳು ನಾದಿನಿ.

"ಸಂಜೆ ಮೇಲೆ ಮಾತ್ರ ಕೊಡಲ್ಲ" ಎಂದು ಅವನು ತೊದಲಿದ. "ಹಾಸಿಗೆ ಒದ್ದೆ ಮಾಡುತ್ತಲ್ಲ, ಅದಕ್ಕೆ."

ನಾದಿನಿ ಬಕೆಟ್ಟಿನ ನೀರನ್ನೇ ಮುಂದಿಟ್ಟಳು. ಉಂಡೆ ತಲೆ ಎತ್ತದೆ ಕುಡಿಯಿತು, ಕುಡಿಯುತ್ತಲೇ ಇತ್ತು. ಹಾಸಿಗೆಯವನು ಕಣ್ಣು ಮಿಟುಕಿಸದೆ ನೋಡುತ್ತ ನಿಂತ.

"ಇದು ಕೊಬ್ಬೂ ಅಲ್ಲ, ಚೇಷ್ಟೆನೂ ಅಲ್ಲ ಭಾವ. ವಯಸ್ಸಾದ ನಾಯಿ ಹೀಗೆ ಕುಡಿದು ಹೀಗೆ ಮೂತ್ರ ಮಾಡ್ತಿದೆ ಅಂದ್ರೆ ಕಿಡ್ನಿ ತೊಂದರೆ ಇರಬಹುದು, ಸಕ್ಕರೆ ಕಾಯಿಲೆನೂ ಇರಬಹುದು. ನಾಳೆ ಬೆಳಿಗ್ಗೆ ಮೊದಲ ಮೂತ್ರ ಹಿಡಿದು ಆಸ್ಪತ್ರೆಗೆ ತನ್ನಿ. ಉಂಡೆನೂ ಕರ್ಕೊಂಡು ಬನ್ನಿ."

"ನಾಯಿಗೆ ಮೂತ್ರ ಪರೀಕ್ಷೆನಾ? ನನ್ನದನ್ನೇ ಇವತ್ತಿನವರೆಗೆ ಯಾರೂ ಮಾಡಿಲ್ಲ."

"ನೀವೂ ಹಾಸಿಗೆ ಒದ್ದೆ ಮಾಡೋಕೆ ಶುರು ಮಾಡಿ, ನಿಮ್ಮದನ್ನೂ ಮಾಡಿಸೋಣ."

ಬಚ್ಚಲ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಕ್ಕಳು. ಅವನಿಗೆ ನಗು ಬರಲಿಲ್ಲ.

ಬೆಳಿಗ್ಗೆ ನೋಡಿದರೆ ಮತ್ತೊಂದು ಹಾಸಿಗೆ ಒದ್ದೆ. ನಾಯಿಯ ಹಿಂದೆ ಬಾಟಲಿ ಹಿಡಿದು ಬೀದಿ ಅಲೆಯುವುದು ತಪ್ಪಿತು ಎಂದುಕೊಂಡ ಹಾಸಿಗೆಯವನು ಹೊಲಿಗೆ ಬಿಚ್ಚಿದ. ಒದ್ದೆಯಾದ ಹತ್ತಿಯನ್ನು ಹಾಸಿಗೆಯ ಬಟ್ಟೆಯ ಸಮೇತ ಮುದ್ದೆ ಮಾಡಿ ಬಾಟಲಿಗೆ ಹಿಂಡಿದ. ಕಸುಬು ಕಲಿತ ಕೈ, ಒಂದು ಹನಿ ಹೊರಗೆ ಚೆಲ್ಲಲಿಲ್ಲ. ಆಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಒಳಗಿದ್ದದ್ದು ಕೆಂಪಗಿತ್ತು.

"ರಕ್ತ ಕಣೇ" ಎಂದ. ಹೆಂಡತಿ ಬಾಟಲಿ ಕಿತ್ತುಕೊಂಡು ನೋಡಿದಳು. ಅಂಗಡಿಗೆ ಬೀಗ ಹಾಕುವುದನ್ನೂ ಮರೆತು, ಉಂಡೆಯನ್ನು ಎತ್ತಿಕೊಂಡು ಇಬ್ಬರೂ ಆಸ್ಪತ್ರೆಗೆ ಓಡಿದರು.

ನಾದಿನಿ ಬಾಟಲಿಯನ್ನು ಆಚೀಚೆ ತಿರುಗಿಸಿ ನೋಡಿದಳು.

"ಇದನ್ನ ಎಲ್ಲಿ ಹಿಡಿದ್ರಿ?"

"ಹಾಸಿಗೆಯಿಂದ ಹಿಂಡಿದೆ."

"ಹಾಸಿಗೆ ಬಟ್ಟೆ ಯಾವ ಬಣ್ಣ ಭಾವ?"

ಹಾಸಿಗೆಯವನು ನಾಲಿಗೆ ಕಚ್ಚಿಕೊಂಡ. ಬಿಳಿಯ ಮೇಲೆ ಕೆಂಪು ಪಟ್ಟೆ. ಮೊದಲ ನೀರಿಗೆ ಬಣ್ಣ ಬಿಡುವ ಬಟ್ಟೆ ಅದು.

"ಇದರಲ್ಲಿ ನಿಮ್ಮ ಬಟ್ಟೆ ಬಣ್ಣ ಇದೆ, ಹತ್ತಿ ಧೂಳಿದೆ. ಉಂಡೆ ಬಗ್ಗೆ ಮಾತ್ರ ಏನೂ ಗೊತ್ತಾಗಲ್ಲ. ಹಾಸಿಗೆಯಿಂದ ಹಿಂಡಬಾರದು, ಫಿನಾಯಿಲ್ ಹಾಕಿದ ನೆಲದಿಂದ ಬಳಿಯಬಾರದು. ಅದು ಮಾಡುವಾಗಲೇ ತೊಳೆದು ಒಣಗಿಸಿದ ತಟ್ಟೆಯಲ್ಲಿ ಹಿಡೀಬೇಕು. ಮುಚ್ಚಳ ಇರೋ ಡಬ್ಬಿಗೆ ಹಾಕಿ ಬೇಗ ತರಬೇಕು. ತಡ ಆಗೋದಾದ್ರೆ ಫ್ರಿಜ್ಜಲ್ಲಿಡಿ." ಅವಳು ಒಂದು ಚಪ್ಪಟೆ ತಟ್ಟೆ ಕೊಟ್ಟಳು. "ಹೋಗಿ, ಹಿಂದೆ ಬಗ್ಗಿ ನಿಂತ್ಕೊಳ್ಳಿ. ಕೂತ ತಕ್ಷಣ ಕೆಳಗೆ ಜಾರಿಸಿ."

ಆಸ್ಪತ್ರೆಯ ಅಂಗಳದಲ್ಲಿ ಹಾಸಿಗೆಯವನು ಸೊಂಟ ಬಗ್ಗಿಸಿ ಉಂಡೆಯ ಹಿಂದೆ ಹಿಂದೆ ನಡೆದ. ಬೆಂಚಿನ ಮೇಲಿದ್ದವರೆಲ್ಲ ನೋಡುತ್ತಿದ್ದರು. ಮಾನ ಹೋದರೆ ಹೋಗಲಿ ಎಂದು ತಟ್ಟೆ ಜಾರಿಸಿದ. ಬಿದ್ದದ್ದು ಕೆಂಪಗಿರಲಿಲ್ಲ. ತಿಳಿಯಾಗಿ, ಕೊಳಾಯಿ ನೀರಿನಂತೆಯೇ ಇತ್ತು.

ಅವನಿಗೆ ಹೋದ ಜೀವ ಬಂತು. ಡಾಕ್ಟರ ಮೇಜಿನ ಮೇಲೆ ತಟ್ಟೆ ಇಟ್ಟು ಹಲ್ಲು ಬಿಟ್ಟ. "ನೋಡಿ ಡಾಕ್ಟ್ರೇ, ಎಷ್ಟು ಶುದ್ಧವಾಗಿದೆ. ಕಿಡ್ನಿ ಗಟ್ಟಿಮುಟ್ಟಾಗಿದೆ ಇದಕ್ಕೆ."

ಡಾಕ್ಟರು ಒಂದು ಹನಿಯನ್ನು, ಮೂತ್ರ ಎಷ್ಟು ಗಾಢವಾಗಿದೆ ಎಂದು ಅಳೆಯುವ ಪುಟ್ಟ ದುರ್ಬೀನಿನಂಥ ಸಾಧನದ ಗಾಜಿನ ಮೇಲಿಟ್ಟು ಕಣ್ಣಿಗೆ ಹಿಡಿದರು. ಪರೀಕ್ಷೆಯ ಪಟ್ಟಿಯೊಂದನ್ನು ಮೂತ್ರದಲ್ಲಿ ಅದ್ದಿ ಬಣ್ಣ ನೋಡಿದರು. ಅವರು ನಗಲಿಲ್ಲ.

"ಇಷ್ಟು ತಿಳಿಯಾಗಿರೋದೇ ನನಗೆ ಭಯ" ಎಂದರು.

ಹಾಸಿಗೆಯವನು ತಟ್ಟೆಯತ್ತ ಮತ್ತೊಮ್ಮೆ ಬಗ್ಗಿ ನೋಡಿದ.

"ಚೆನ್ನಾಗಿರೋ ಕಿಡ್ನಿ ಮೈಗೆ ಬೇಕಾದ ನೀರು ಉಳಿಸಿಕೊಂಡು ಕಸ ಮಾತ್ರ ಹೊರಗೆ ಹಾಕುತ್ತೆ. ಆಗ ಮೂತ್ರ ಹಳದಿಯಾಗಿ ಗಾಢವಾಗಿರುತ್ತೆ. ಪಟ್ಟಿಯಲ್ಲಿ ಸಕ್ಕರೆ ಕಾಣಲಿಲ್ಲ, ಆದ್ರೆ ಈ ನಾಯಿ ಕಿಡ್ನಿಗೆ ನೀರು ಹಿಡಿದಿಟ್ಟುಕೊಳ್ಳೋ ಶಕ್ತಿ ಹೋಗ್ತಿರೋ ಹಾಗಿದೆ. ಕುಡಿದದ್ದೆಲ್ಲ ಹಾಗೇ ಸೋರ್ತಿದೆ, ಜೊತೆಗೆ ಪ್ರೋಟೀನೂ ಹೋಗ್ತಿದೆ. ರಕ್ತ ಪರೀಕ್ಷೆ ಮಾಡಿ, ಬಿಪಿ ನೋಡಿ ಖಚಿತ ಮಾಡ್ಕೊಳ್ಳೋಣ. ಒಂದು ಮಾತು ಮಾತ್ರ ಈಗಲೇ ಹೇಳ್ತೀನಿ. ಇಂಥ ನಾಯಿಗೆ ನೀರು ತಪ್ಪಿಸಿದ್ರೆ ಜೀವಕ್ಕೇ ಅಪಾಯ. ಮನೇಲಿ ಯಾರಾದ್ರೂ ನೀರು ಕಡಿಮೆ ಮಾಡಿದ್ರಾ?"

ಹೆಂಡತಿ ಗಂಡನ ಮುಖ ನೋಡಿದಳು. ನಾದಿನಿಯೂ ನೋಡಿದಳು.

"ನಾನೇ ಮಾಡಿದ್ದು" ಎಂದ. ಹಾಸಿಗೆ ಉಳಿಸಲು ಹೋಗಿ ಕೈಯಾರೆ ಇದರ ಪ್ರಾಣ ತೆಗೆಯುತ್ತಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಮೇಜಿನ ಮೇಲೆ ಉಂಡೆ ಅವನ ಮೊಣಕೈ ನೆಕ್ಕುತ್ತಿತ್ತು.

ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಹಾಳಾದ ಕಿಡ್ನಿ ಮತ್ತೆ ಮೊದಲಿನಂತಾಗುವುದಿಲ್ಲ, ಉಳಿದಿರುವುದನ್ನು ಕಾಪಾಡಬಹುದು ಎಂದರು ಡಾಕ್ಟರು. ಪಥ್ಯದ ಊಟ, ಮಾತ್ರೆ, ಹಗಲೂ ರಾತ್ರಿ ನೀರು. ಜೊತೆಗೆ ಹೇಳಿದಾಗಲೆಲ್ಲ ಮೂತ್ರ ಪರೀಕ್ಷೆ.

"ಮಾತ್ರೆ ನುಂಗಿಸ್ತೀವಲ್ಲ, ಮತ್ತೆ ಮತ್ತೆ ಪರೀಕ್ಷೆ ಯಾಕೆ?" ಎಂದು ಹೆಂಡತಿ ತಂಗಿಯನ್ನು ಕೇಳಿದಳು.

"ಹಾಸಿಗೆ ಒಳಗೆ ಹತ್ತಿ ಗಂಟು ಕಟ್ಟಿದ್ದು ಮೇಲಿಂದ ಕಾಣುತ್ತೇನಕ್ಕ? ಕೈಯಾಡಿಸಿ ನೋಡ್ಬೇಕು. ಇದೂ ಹಾಗೇ. ಉಂಡೆ ಬಾಲ ಆಡಿಸಿಕೊಂಡೇ ಇರುತ್ತೆ, ಒಳಗೆ ಪ್ರೋಟೀನ್ ಸೋರೋದು ಏರಿರುತ್ತೆ. ಮೂತ್ರ ನೋಡಿದ್ರೆ ಗೊತ್ತಾಗುತ್ತೆ, ಡಾಕ್ಟ್ರು ಮಾತ್ರೆ ಬದಲಾಯಿಸ್ತಾರೆ."

ಹಾಸಿಗೆಯವನು ಆಮೇಲೆ ಆ ಕೆಲಸವನ್ನು ಬೇರೆ ಯಾರಿಗೂ ಬಿಡಲಿಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ತಟ್ಟೆ ಹಿಡಿದು ಬೀದಿಗಿಳಿಯುತ್ತಿದ್ದ. ನಗುವವರು ನಕ್ಕರು. ಉಂಡೆ ಮೈ ತುಂಬಿಕೊಳ್ಳದಿದ್ದರೂ ಮತ್ತೆ ಬಾಗಿಲಿಗೆ ಬಂದು ಕೂರುವಷ್ಟಾಯಿತು.

ಒಂದು ದಿನ ಗಿರಾಕಿಯೊಬ್ಬರು ದಿಂಬು ಹೊಲಿಸಲು ಬಂದರು. ಮಾತಿಗೆ ಮಾತು ಬಂದು, "ನಮ್ಮ ಮುದಿ ನಾಯಿದು ಒಂದೇ ಗೋಳು. ಮನೆಯೆಲ್ಲ ಒದ್ದೆ ಮಾಡುತ್ತೆ. ಹಿತ್ತಲಲ್ಲಿ ಕಟ್ಟಿಹಾಕಿ ನೀರು ಕಡಿಮೆ ಮಾಡಿದೀವಿ" ಎಂದರು.

ಹಾಸಿಗೆಯವನ ಕೈಯಲ್ಲಿದ್ದ ದಬ್ಬಣ ನಿಂತಿತು.

"ಮೊದಲು ಮನೆಗೆ ಹೋಗಿ ಅದಕ್ಕೆ ನೀರಿಡಿ" ಎಂದ. "ಆಮೇಲೆ ಅದರ ಮೂತ್ರ ಹಿಡಿದು ಆಸ್ಪತ್ರೆಗೆ ತಗೊಂಡು ಹೋಗಿ. ಹೇಗೆ ಹಿಡಿಯೋದು ಅಂತ ನಾನು ಬಂದು ತೋರಿಸ್ತೀನಿ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ನಾಯಿಯೂ ಈಚೆಗೆ ಹೆಚ್ಚು ನೀರು ಕುಡಿಯುತ್ತಿದೆಯೇ, ಹೆಚ್ಚು ಮೂತ್ರ ಮಾಡುತ್ತಿದೆಯೇ, ಸೊರಗುತ್ತಿದೆಯೇ? ಬೈಯಬೇಡಿ, ಹೊಡೆಯಬೇಡಿ, ಮೂತ್ರ ಪರೀಕ್ಷೆ ಮಾಡಿಸಿ. ಕಿಡ್ನಿ ಕಾಯಿಲೆ ಇದೆ ಎಂದು ತಿಳಿದ ಮೇಲೂ ಡಾಕ್ಟರು ಹೇಳಿದಂತೆ ಮತ್ತೆ ಮತ್ತೆ ಮಾಡಿಸಿ. ಅದಕ್ಕೂ ಮೊದಲು ಈ ಹಾಳೆಯನ್ನು ಪಕ್ಕಕ್ಕಿಟ್ಟು ಒಮ್ಮೆ ಎದ್ದು ಹೋಗಿ. ನಿಮ್ಮ ನಾಯಿಯ ಮುಂದೆ ಈಗ ನೀರಿದೆಯೇ, ನೋಡಿ ಬನ್ನಿ.