ಎತ್ತಿಟ್ಟ ಹೆಬ್ಬಾಗಿಲು

ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ ತಿರುಗಿ ನೋಡಿದರೆ ಸ್ಟೂಲಿನ ಮೇಲೆ ಅಣ್ಣನಿಲ್ಲ. ಇಸ್ತ್ರಿಯವಳು ಬಟ್ಟೆಗಳನ್ನು ಇದ್ದಲ್ಲೇ ಬಿಟ್ಟು ಪಕ್ಕದ ಚಹಾದಂಗಡಿಗೆ ಓಡಿದಳು.

"ಈಗ ತಾನೇ ಇಲ್ಲೇ ಕೂತಿದ್ರಲ್ಲಕ್ಕ!" ಎಂದ ಅಂಗಡಿಯವನು.

ಈಗ ತಾನೇ ಅಂತೆ! ಕಣ್ಣೆದುರೇ ಮುದುಕ ಎದ್ದು ಹೋದರೂ ಕಾಣದಷ್ಟು ವ್ಯಾಪಾರ ಇವನಿಗೆ.

ಅವಳಣ್ಣ ಬೀಗ ರಿಪೇರಿಯವನು. ಹಳೆಯ ಕೋಟೆಯ ಹೆಬ್ಬಾಗಿಲ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಆಯಸ್ಸು ಸವೆಸಿದವನು. ಊರಿನ ಬೀಗಗಳನ್ನೆಲ್ಲ ತೆರೆದವನ ತಲೆಗೇ ಈಗ ಬೀಗ ಬಿದ್ದಿತ್ತು. ಒಂದು ದಿನ ತಂಗಿಯ ಗುರುತು ಹಿಡಿದರೆ ಇನ್ನೊಂದು ದಿನ "ಯಾರಮ್ಮ ನೀನು?" ಎನ್ನುತ್ತಿದ್ದ. ಹೆಂಡತಿ ಮಕ್ಕಳಿಲ್ಲ, ಇರುವವಳು ಇವಳೊಬ್ಬಳೇ. ಅವನನ್ನು ಮನೆಯೊಳಗೆ ಬಿಟ್ಟು ಬೀಗ ಹಾಕಿ ಬರಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಹಾಕಿದ್ದರೂ ಪುಣ್ಯಾತ್ಮ ತೆಗೆದುಬಿಡುತ್ತಿದ್ದ, ಆ ಮಾತು ಬೇರೆ.

ಎಲ್ಲಿ ಹುಡುಕುವುದೆಂದು ಅವಳು ಯೋಚಿಸಲೂ ಇಲ್ಲ. ಅವರಿಬ್ಬರ ನಡುವೆ ಅದಕ್ಕೊಂದು ಕಟ್ಟಳೆಯಿತ್ತು. ಅವಳು ಚಿಕ್ಕವಳಿದ್ದಾಗ ಸಂತೆಯ ಗದ್ದಲದಲ್ಲಿ ಒಮ್ಮೆ ತಪ್ಪಿಸಿಕೊಂಡಿದ್ದಳು. ಅಣ್ಣ ಊರೆಲ್ಲ ಹುಡುಕಿ, ಸಿಕ್ಕ ಮೇಲೆ ಬೆನ್ನಿಗೆ ಎರಡು ಬಿಗಿದು, ಆಮೇಲೆ ತಾನೇ ಅತ್ತು ಹೇಳಿದ್ದ: "ಇನ್ಮೇಲೆ ಯಾರು ತಪ್ಪಿಸ್ಕೊಂಡ್ರೂ ಹೆಬ್ಬಾಗಿಲ ಕೆಳಗೆ ಬಂದು ನಿಲ್ಲೋದು. ಇನ್ನೊಬ್ರು ಬರೋವರೆಗೂ ಕದಲಬಾರ್ದು. ತಿಳೀತಾ ಗುಬ್ಬಿ?"

ಗುಬ್ಬಿ ಈಗ ಮಂಡಿನೋವು ಮರೆತು ಹೆಬ್ಬಾಗಿಲಿಗೆ ಓಡಿದಳು.

ಹೆಬ್ಬಾಗಿಲು ಪಾರ್ಕಿನಲ್ಲಿತ್ತು. ಬಸ್ ನಿಲ್ದಾಣಕ್ಕೆ ಜಾಗ ಬೇಕೆಂದು, ಒಂದೊಂದು ಕಲ್ಲಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆದು, ಬಿಚ್ಚಿ, ರಸ್ತೆಯಾಚೆ ಹುಲ್ಲಿನ ಮೇಲೆ ಮತ್ತೆ ಜೋಡಿಸಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಕ್ಕಪಕ್ಕ ಗೋಡೆಯಿಲ್ಲ, ನಡುವೆ ದಾರಿಯಿಲ್ಲ, ಸುತ್ತ ಕಬ್ಬಿಣದ ಬೇಲಿ ಬೇರೆ. ಎಲ್ಲಿಂದ ಎಲ್ಲಿಗೆ ಹೋಗಲು ಆ ಬಾಗಿಲೋ ದೇವರೇ ಬಲ್ಲ. ಕಮಾನಿನ ಕೆಳಗೆ ಒಂದು ನಾಯಿ ಮಲಗಿತ್ತು. ಅಣ್ಣನಿರಲಿಲ್ಲ.

ಬಂದೇ ಬರುತ್ತಾನೆಂದು ಅವಳು ಕಾದಳು. ಕದಲಬಾರದು ಎಂದರೆ ಕದಲಬಾರದು. ಬಿಸಿಲು ನೆತ್ತಿಗೇರಿತು. ಅಷ್ಟರಲ್ಲಿ ರಸ್ತೆಯಾಚೆಯ ನಿಲ್ದಾಣದಲ್ಲಿ ಬಸ್ಸುಗಳು ಒಂದರ ಹಿಂದೊಂದು ಹಾರ್ನ್ ಬಾರಿಸತೊಡಗಿದವು, ಏನೋ ದಾರಿಗಡ್ಡ ನಿಂತ ಹಾಗೆ.

ಆಗ ಅವಳಿಗೆ ಹೊಳೆಯಿತು. ಅಣ್ಣ ಈ ಪಾರ್ಕಿಗೆ ಒಂದು ದಿನವೂ ಕಾಲಿಟ್ಟವನಲ್ಲ. "ಕಲ್ಲು ಹೊತ್ಕೊಂಡು ಹೋದ್ರು ಅಷ್ಟೇ. ಬಾಗಿಲು ಎಲ್ಲಿತ್ತೋ ಅಲ್ಲೇ ಇದೆ" ಎಂದು ಕಂಡಕಂಡವರ ಹತ್ತಿರ ಜಗಳಕ್ಕೆ ಬೀಳುತ್ತಿದ್ದವನು. ಅದನ್ನು ದಿನಾ ಕೇಳಿದವಳೇ ಪೆದ್ದಿಯ ಹಾಗೆ ಕಲ್ಲು ಹುಡುಕಿಕೊಂಡು ಬಂದಿದ್ದಳಲ್ಲ!

ರಸ್ತೆ ದಾಟಿ ಓಡಿ ನೋಡಿದರೆ, ಹಿಂದೆ ಹೆಬ್ಬಾಗಿಲಿದ್ದಲ್ಲೇ, ಬಸ್ಸುಗಳು ತಿರುಗುವ ಜಾಗದ ನಟ್ಟನಡುವೆ ಅಣ್ಣ ನಿಂತಿದ್ದ. ಕಾಲಲ್ಲಿ ಚಪ್ಪಲಿಯಿಲ್ಲ. ನಿಲ್ದಾಣದ ಕಾವಲಿನವನು ರಟ್ಟೆ ಹಿಡಿದು ಎಳೆಯುತ್ತಿದ್ದ.

"ಬಿಡಪ್ಪ, ನಮ್ಮಣ್ಣ ಅವರು!" ಎಂದು ಕೂಗುತ್ತ ಅವಳು ನುಗ್ಗಿದಳು. "ಅಣ್ಣಾ, ನಡಿ ಮನೆಗೆ."

"ನಾನು ಬರಲ್ಲ ತಾಯಿ," ಎಂದ ಅಣ್ಣ. "ನನ್ನ ತಂಗಿ ತಪ್ಪಿಸ್ಕೊಂಡಿದ್ದಾಳೆ. ಅವಳು ಇಲ್ಲಿಗೇ ಬರೋದು. ನಾನಿಲ್ದೇ ಇದ್ರೆ ಹೆದರ್ಕೊಳ್ತಾಳೆ."

"ನಾನೇ ಅಣ್ಣ, ನಿನ್ನ ಗುಬ್ಬಿ!"

ಅವನು ಅವಳ ನರೆತ ತಲೆ ನೋಡಿದ. ಸೊಂಟದ ಮಟ್ಟಕ್ಕೆ ಕೈ ತೋರಿಸಿ, "ಗುಬ್ಬಿ ಇಷ್ಟೇ ಇಷ್ಟು ಇದ್ದಾಳಮ್ಮ," ಎಂದ. ಆ ಕೈಯನ್ನೇ ನೋಡಿಕೊಂಡ. "ಎರಡೇಟು ಹೊಡೆದ್ಬಿಟ್ಟೆ. ಅದಕ್ಕೇ ಬರ್ತಿಲ್ವೇನೋ."

ಅವಳು ಸೆರಗು ಬಾಯಿಗೊತ್ತಿಕೊಂಡಳು.

"ಬರ್ತಾಳೆ ಬಿಡಿ," ಎಂದಳು. "ಅಣ್ಣನ ಮೇಲೆ ಯಾರಾದ್ರೂ ಕೋಪ ಇಟ್ಕೊಳ್ತಾರಾ? ನಾನೂ ನಮ್ಮಣ್ಣಂಗೆ ಕಾಯ್ಬೇಕು. ಜೊತೇಲಿ ನಿಲ್ತೀನಿ."

ಹಿಂದಿನ ಬಸ್ಸು ಹಾರ್ನ್ ಬಾರಿಸುತ್ತಲೇ ಇತ್ತು. ಅಣ್ಣ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

"ಈ ಕಡೆ ಬಾಮ್ಮ, ಬಾಗಿಲ ನೆರಳಿಗೆ," ಎಂದ. "ಅಲ್ಲಿ ಬಿಸಿಲು ಜಾಸ್ತಿ."

ಕಾದ ಸಿಮೆಂಟಿನ ಮೇಲೆ, ಅವನು ತೋರಿಸಿದ ಕಡೆಗೇ ಹೋಗಿ ಅವಳು ನಿಂತಳು.