ಒಂದೇ ಗುಣಿಗೆ ನಾಲ್ಕು ಗಿಡ

ವಡ್ಡು ಊರಿನ ದುರ್ಗಕ್ಕ ನೆಟ್ಟ ಗಿಡ ಒಣಗುವುದಿಲ್ಲ ಎಂದು ಸುತ್ತಲ ಹಳ್ಳಿಗಳಲ್ಲಿ ಮಾತಿತ್ತು. ಹದಿನೆಂಟು ವರ್ಷ ನರ್ಸರಿಯಲ್ಲಿ ಕೂಲಿ ಮಾಡಿದವಳು. ಯಾವ ಬೀಜವನ್ನು ಎಷ್ಟು ದಿನ ನೆನೆಹಾಕಬೇಕು, ಯಾವ ಸಸಿಗೆ ಎಷ್ಟು ನೆರಳು ಬೇಕು ಎಂಬುದನ್ನು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಅದಕ್ಕೇ ವೀರೇಶ್ ಅವಳನ್ನು ಹುಡುಕಿಕೊಂಡು ಬಂದ. ಅವನದು ಹಣ ಪಡೆದು ಪರದೇಶದವರನ್ನು ಗಿಡ ನೆಡಲು ಕರೆಸುವ ಸಂಸ್ಥೆ. ಬಂದವರು ಹಂಪಿಯಲ್ಲಿ ಉಳಿದು, ಬೆಳಿಗ್ಗೆ ಜೀಪಿನಲ್ಲಿ ವಡ್ಡಿಗೆ ಬಂದು ಗುಡ್ಡದಲ್ಲಿ ಗಿಡ ನೆಡುತ್ತಿದ್ದರು, ಸಂಜೆ ಗುಡಿ ಗೋಪುರ ನೋಡುತ್ತಿದ್ದರು. ಎರಡು ಮೂರು ವಾರಕ್ಕೊಂದು ತಂಡ. ಗುಣಿ ತೋಡಲು, ನೀರು ಹೊರಲು ದುರ್ಗಕ್ಕನ ಜೊತೆ ಅವಳ ನಾದಿನಿ ದ್ಯಾಮಕ್ಕ, ಇನ್ನಿಬ್ಬರು ಹೆಂಗಸರು.

ಮೊದಲ ವರ್ಷ, ಎರಡು ಸಾವಿರದ ಮೂರರಲ್ಲಿ, ಡೆನ್ಮಾರ್ಕಿನಿಂದ ಇಂಗ್ರಿಡ್ ಎಂಬ ನಿವೃತ್ತ ಶಿಕ್ಷಕಿ ಬಂದಳು. ಉಳಿದವರು ಗಿಡ ಹಿಡಿದು ಫೋಟೊ ತೆಗೆಸಿಕೊಂಡು ನೆರಳಿಗೆ ಸರಿದರೆ, ಇವಳು ಮೊಣಕಾಲೂರಿ ಬರಿಗೈಯಲ್ಲಿ ಮಣ್ಣು ಒತ್ತುತ್ತಿದ್ದಳು. ದುರ್ಗಕ್ಕನಿಂದ ನೀರು, ಮಣ್ಣು, ಬೇರು ಎಂಬ ಮಾತುಗಳನ್ನು ಕಲಿತಳು. ಹೊರಡುವ ದಿನ ರಸ್ತೆ ಬದಿಯ ಅರ್ಧ ಎಕರೆಯಲ್ಲಿ ತಾನು ನೆಟ್ಟ ನೆಲ್ಲಿ ಗಿಡ ಮುಟ್ಟಿ ಏನೋ ಹೇಳಿದಳು.

"ಇದು ತನ್ನಷ್ಟು ಎತ್ತರ ಆದಾಗ ಬರ್ತಾರಂತ," ಎಂದ ವೀರೇಶ್.

"ಬರ್ರಿ. ನಾನು ನೋಡ್ಕೊಂತೀನಿ," ಎಂದಳು ದುರ್ಗಕ್ಕ.

ಮರುವರ್ಷ ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ ಬಂತು. ಗುಡ್ಡದ ಮಗ್ಗುಲಿನ ಹೊಲಗಳವರೆಲ್ಲ ನೆಲ ಅಗೆಯಲು ಕೊಟ್ಟರು. ತಂಡಗಳು ನೆಟ್ಟ ಇಳಿಜಾರನ್ನು ಯಂತ್ರಗಳು ಎಂಟೇ ದಿನದಲ್ಲಿ ಕೆರೆದು ಹಾಕಿದವು. ಉಳಿದದ್ದು ರಸ್ತೆ ಬದಿಯ ಆ ಅರ್ಧ ಎಕರೆ ಮಾತ್ರ. ಅಲ್ಲಿ ಒಂದು ಗುಣಿಯೂ ಖಾಲಿ ಇರಲಿಲ್ಲ.

ಒಂದು ಭಾನುವಾರ ವೀರೇಶ್ ಬಂದು ದುರ್ಗಕ್ಕನ ಮನೆಯ ಕಟ್ಟೆಯ ಮೇಲೆ ಕೂತ.

"ಅಕ್ಕಾ, ನಾಡಿದ್ದು ಹನ್ನೆರಡು ಮಂದಿ ಬರ್ತಾರ. ಸಂಡೂರು, ಕುರೆಕುಪ್ಪ, ಎಲ್ಲಾ ಕಡೆ ತಿರುಗಿದೆ. ಒಂದು ತುಂಡು ಜಾಗ ಕೊಡವಲ್ಲರು."

"ಬ್ಯಾಡ ಅಂದ್ಬಿಡ್ರಿ ಅವ್ರಿಗೆ."

"ವಿಮಾನ ಹತ್ಯಾರ." ನೆಲ ನೋಡುತ್ತ ಹೇಳಿದ. "ಇದ್ದವನ್ನ ಕಿತ್ತುಬಿಡಕ್ಕ. ಅವೇ ಗುಣಿಗೆ ಹೊಸವು ನೆಡ್ತಾರ."

ದುರ್ಗಕ್ಕ ಆಗುವುದಿಲ್ಲ ಎಂದಳು. "ಹಂಗಾರ ನಾಳಿಂದ ಕೆಲಸಿಲ್ಲ, ನಾಕೂ ಮಂದಿಗೆ," ಎಂದ ವೀರೇಶ್.

ಮರುದಿನ ಅವಳು ಒಬ್ಬಳೇ ಹೋದಳು. ಮೊದಲು ಬಾಡಿದವನ್ನು ಕಿತ್ತಳು, ಆಮೇಲೆ ಜೀವ ಹಿಡಿದವನ್ನು. ಇಂಗ್ರಿಡ್‌ಳ ನೆಲ್ಲಿ ಸೊಂಟದೆತ್ತರ ಬಂದಿತ್ತು. ಎಳೆದರೆ ಬರಲಿಲ್ಲ, ಕುಡಗೋಲಿನಿಂದ ಬುಡ ಕತ್ತರಿಸಿದಳು. ಬೇರು ಸಮೇತ ಬಂದವನ್ನು ಬುಟ್ಟಿಯಲ್ಲಿ ಹೊತ್ತು ತಂದು ಊರ ದಾರಿಯ ಪಕ್ಕ ನೆಟ್ಟಳು. ಮೇಕೆಗಳು ಮೇದವು. ಮುಂದಿನ ತಂಡದ ಹೊತ್ತಿಗೆ ಅವಳೇ ಕಿತ್ತದ್ದನ್ನು ಮೇಕೆಗಳಿಗೆ ಹಾಕಿದಳು. ಮೂರನೆಯ ಸಲ ಕೈ ತಾನಾಗಿಯೇ ಕಿತ್ತಿತು. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಎರಡು ವರ್ಷ ಕಳೆದ ಮೇಲೆ, ಒಂದು ಡಿಸೆಂಬರಿನ ಬೆಳಿಗ್ಗೆ, ಜೀಪಿನಿಂದ ಇಂಗ್ರಿಡ್ ಇಳಿದಳು. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. ದುರ್ಗಕ್ಕನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಇಲ್ಲವಾದ ಇಳಿಜಾರನ್ನು ನೋಡಿದಳು, ಕೆಂಧೂಳು ಕವಿದ ಅರ್ಧ ಎಕರೆಯನ್ನು ನೋಡಿದಳು. ತನ್ನ ನೆಲ್ಲಿಯಿದ್ದ ಜಾಗದಲ್ಲಿ ಗೇಣುದ್ದದ ಬೇವಿನ ಸಸಿ ನಿಂತಿತ್ತು.

ವೀರೇಶ್ ಇಂಗ್ಲಿಷಿನಲ್ಲಿ ಮಳೆ ಇಲ್ಲದ್ದನ್ನು, ಬಿಸಿಲನ್ನು ವಿವರಿಸತೊಡಗಿದ. ಇಂಗ್ರಿಡ್ ಕೇಳುತ್ತಲೇ ಮೊಣಕಾಲೂರಿ ಸಸಿಯ ಸುತ್ತ ಮಣ್ಣು ಕೆದಕಿದಳು. ಹೆಬ್ಬೆರಳು ಗಾತ್ರದ ಮೋಟು ಸಿಕ್ಕಿತು. ಮೇಲೆ ಕುಡಗೋಲಿನ ನುಣುಪಾದ ಕಚ್ಚು.

"ಬೇರು," ಎಂದಳು ದುರ್ಗಕ್ಕನ ಮುಖ ನೋಡಿ.

"ಒಣಗಿತ್ತು ಅನ್ನಕ್ಕ. ಅಷ್ಟು ಅಂದುಬಿಡು, ಮುಗೀತದ," ಎಂದ ವೀರೇಶ್ ಮೆಲ್ಲಗೆ.

ಆ ಮುದುಕಿಗೆ ಹೇಳಲು ದುರ್ಗಕ್ಕನ ಬಳಿ ಅವಳ ಭಾಷೆ ಇರಲಿಲ್ಲ. ಅವಳೂ ಪಕ್ಕದಲ್ಲಿ ಕುಕ್ಕರಿಸಿದಳು. ಬೇವಿನ ಸಸಿಯನ್ನು ಎರಡೂ ಕೈಯಿಂದ ಹಿಡಿದು ಕಿತ್ತು, ಇಂಗ್ರಿಡ್‌ಳ ಮುಂದಿಟ್ಟಳು. ತನ್ನ ಎದೆ ಮುಟ್ಟಿಕೊಂಡಳು.

"ನಾನ ಕಿತ್ತೀನ್ರಿ. ಪ್ರತಿ ಸಲ, ನಿಮ್ಮಂಥವ್ರು ಬರೋಕಿಂತ ಮುಂಚೆ."

ಇಂಗ್ರಿಡ್‌ಗೆ ಅರ್ಥವಾಯಿತು. ಅವಳು ಸಿಟ್ಟಾಗಲಿಲ್ಲ, ಅಳಲಿಲ್ಲ. ಏಳಿಸಲು ದುರ್ಗಕ್ಕ ಚಾಚಿದ ಕೈಯನ್ನು ಹಿಡಿಯದೆ ತಾನೇ ಎದ್ದು, ಬಾಟಲಿ ನೀರಿನಲ್ಲಿ ಕೈ ತೊಳೆದು ಜೀಪಿನಲ್ಲಿ ಕುಳಿತಳು.

ಇಂಗ್ರಿಡ್ ತನ್ನ ದೇಶಕ್ಕೆ ಹೋಗಿ ಇದನ್ನು ಬರೆದದ್ದು ಎಲ್ಲೆಲ್ಲಿಗೆ ಮುಟ್ಟಿತೋ, ಯುಗಾದಿಯ ಹೊತ್ತಿಗೆ ತಂಡಗಳು ನಿಂತವು. ವೀರೇಶ್ ತಂಡಗಳು ಉಳಿಯುತ್ತಿದ್ದ ಹಂಪಿಯ ಮನೆ ಬಿಟ್ಟು ಹೊಸಪೇಟೆಯ ಲಾರಿ ಆಫೀಸು ಸೇರಿದ. ಅರ್ಧ ಎಕರೆಯ ಮೇಲೆ ಈಗ ಅದಿರಿನ ರಾಶಿ. ನಾಲ್ವರೂ ಹೆಂಗಸರು ಕುರೆಕುಪ್ಪದ ಹತ್ತಿರ ಅದಿರು ಜರಡಿ ಹಿಡಿಯಲು ಹೋಗುತ್ತಾರೆ.

ದ್ಯಾಮಕ್ಕ ದುರ್ಗಕ್ಕನ ಜೊತೆ ಬುತ್ತಿ ಬಿಚ್ಚುವುದನ್ನು ಬಿಟ್ಟು ಒಂದು ವರ್ಷವಾಯಿತು. ಬಿಟ್ಟ ದಿನ ಒಂದೇ ಮಾತು ಆಡಿದ್ದಳು: "ಖರೇ ಹೇಳಿ ನೀನೇನೋ ಹಗುರಾದಿ. ನಾವೇನ್ ಮಾಡಿದ್ವಿ ನಿನಗ?"

ಹಗುರಾಗಿಲ್ಲ ಎಂದು ದುರ್ಗಕ್ಕನಿಗೆ ಹೇಳಬೇಕೆನಿಸುತ್ತದೆ. ಜರಡಿಯ ಸದ್ದಿನಲ್ಲಿ, ಬಾಯಿಗೆ ಸೆರಗು ಬಿಗಿದುಕೊಂಡು, ಹೇಳುವುದಾದರೂ ಹೇಗೆ. ಅವಳು ಬುಟ್ಟಿ ತುಂಬಿ ಮುಂದಿನವಳ ತಲೆಗೆ ಎತ್ತಿ ಕೊಡುತ್ತಾಳೆ.